ಇಂಗ್ಲೆಂಡಿನ ಕಾಲುವೆ ಮೇಲೆ ಬೋಟಲ್ಲೇ ಮನೆ ಮಾಡ್ಬೇಕು ಅಂತಿದ್ದೀರಾ, ಮೊದಲು ಇಷ್ಟು ತಿಳ್ಕೊಳ್ಳಿ

ಲಂಡನ್ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ, ಒಂದು ಬೋಟ್ ತಗೊಂಡು ಅದ್ರಲ್ಲೇ ಇದ್ಬಿಟ್ರೆ ಹೇಗೆ ಅಂತ ಇಲ್ಲಿರೋ ನಮ್ಮ ಕನ್ನಡದವರು ವರ್ಷಕ್ಕೆ ಮೂರ್ನಾಲ್ಕು ಜನ ಆದ್ರೂ ಕೇಳ್ತಾರೆ. ನಾನೂ ನನ್ನ ಹೆಂಡ್ತಿನೂ ಐದು ವರ್ಷದಿಂದ 57 ಅಡಿ ಉದ್ದದ ನ್ಯಾರೋಬೋಟಲ್ಲೇ, ಅಂದ್ರೆ ಕಾಲುವೆಗೆ ಅಂತಾನೇ ಮಾಡಿದ ಕಿರಿದಾದ ದೋಣೀಲೇ ಸಂಸಾರ ಮಾಡ್ತಿದ್ದೀವಿ, ಅದಕ್ಕೇ ನಮ್ಮನ್ನ ಕೇಳೋದು. ಹೌಸ್‌ಬೋಟ್ ಅಂದ ತಕ್ಷಣ ನಮ್ಮವರ ಕಣ್ಮುಂದೆ ಬರೋದು ಕೇರಳದ ಅಲಪ್ಪುಳ, ಒಂದು ರಾತ್ರಿ ಇದ್ದು ಮೀನು ತಿಂದು ಫೋಟೋ ತೆಗ್ದು ಬರೋದು. ಇದು ಅದಲ್ಲ. ಇದು ದಿನಾ ಪಾತ್ರೆ ತೊಳೆದು, ಲ್ಯಾಪ್‌ಟಾಪ್ ತೆಗ್ದು ಆಫೀಸ್ ಕೆಲ್ಸ ಮಾಡಿ, ಬಟ್ಟೆ ಒಣಗಿಸಿ ಬದುಕೋ ಮನೆ, ನೀರ ಮೇಲಿದೆ ಅಷ್ಟೇ.

ಮೊದಲೇ ಹೇಳ್ಬಿಡ್ತೀನಿ, ಬಾಡಿಗೆ ಉಳಿಯುತ್ತೆ ಅನ್ನೋದೊಂದೇ ಕಾರಣ ಆದ್ರೆ ಬರಬೇಡಿ. ಮನೇಲಿ ನಲ್ಲಿ ತಿರುಗಿಸಿದ್ರೆ ನೀರು, ಸ್ವಿಚ್ ಒತ್ತಿದ್ರೆ ಕರೆಂಟು, ಫ್ಲಶ್ ಮಾಡಿದ್ರೆ ಮುಗೀತು. ಬೋಟಲ್ಲಿ ನೀರು, ಕರೆಂಟು, ಕಕ್ಕಸು, ಬೆಂಕಿ ನಾಲ್ಕೂ ದಿನಾ ನಿಮ್ಮ ಕೈ ದಾಟಿಯೇ ಹೋಗ್ಬೇಕು, ಟ್ಯಾಂಕಲ್ಲಿ ಎಷ್ಟಿದೆ, ಬ್ಯಾಟರಿ ಎಷ್ಟಿದೆ, ಕಲ್ಲಿದ್ದಲು ಇನ್ನೆಷ್ಟು ದಿನ ಬರುತ್ತೆ ಅಂತ ತಲೇಲಿ ಲೆಕ್ಕ ಓಡ್ತಾನೇ ಇರ್ಬೇಕು. ಆ ಲೆಕ್ಕ ನಿಮಗೆ ಹಿಡಿಸಿದ್ರೆ ಇದಕ್ಕಿಂತ ಒಳ್ಳೆ ಬದುಕು ನಂಗೆ ಗೊತ್ತಿಲ್ಲ. ಹಿಡಿಸ್ಲಿಲ್ಲ ಅಂದ್ರೆ ಮೊದಲ ಚಳಿಗಾಲ ಮುಗಿಯೋದ್ರೊಳಗೆ ಮಾರಿ ಹೋಗ್ತೀರ, ನಾನೇ ಕಣ್ಣಾರೆ ಎರಡು ಕುಟುಂಬ ನೋಡಿದ್ದೀನಿ.

ಹಾಗಾಗಿ ದುಡ್ಡು ಹಾಕೋ ಮುಂಚೆ ಮಾಡೋ ಮೊದಲ ಕೆಲ್ಸ, ಒಂದು ಬೋಟ್ ಬಾಡಿಗೆಗೆ ತಗೊಂಡು ಒಂದು ವಾರ ಇದ್ದು ನೋಡೋದು, ಅದೂ ಜನವರಿ ಫೆಬ್ರವರಿಲಿ. ಜುಲೈಲಿ ಹೋದ್ರೆ ಎಲ್ಲಾ ಚೆಂದವೇ, ಬಾತುಕೋಳಿ ಮರಿ, ರಾತ್ರಿ ಒಂಬತ್ತೂವರೆಗೂ ಬೆಳಕು, ಯಾರಿಗೆ ಬೇಡ ಅನ್ಸುತ್ತೆ ಹೇಳಿ. ಸಾಯಂಕಾಲ ಬೇಗನೇ ಕತ್ತಲಾಗಿ, ದಡವೆಲ್ಲಾ ಕೆಸರಾಗಿ, ಬೆಳಿಗ್ಗೆ ಎದ್ದಾಗ ಮೂಗಿನ ತುದಿ ತಣ್ಣಗಾಗಿರೋವಾಗ್ಲೂ ಇಷ್ಟ ಆದ್ರೆ ಆಮೇಲೆ ಮುಂದಿನ ಮಾತು.

ಈಗ ಎಂಥ ಬೋಟ್ ಅನ್ನೋದಕ್ಕೆ ಬರೋಣ. ಇಲ್ಲಿನ ಕಾಲುವೆಗಳಲ್ಲಿ ಬಹುಪಾಲು ತೋಡಿದ್ದು 18ನೇ ಶತಮಾನದ ಕೊನೆ, 19ನೇ ಶತಮಾನದ ಮೊದಲಲ್ಲಿ, ಕಲ್ಲಿದ್ದಲು, ಬೇರೆ ಸರಕು ಸಾಗಿಸೋಕೆ ಅಂತ. ನೀರಿನ ಮಟ್ಟ ಏರೋ ಇಳಿಯೋ ಕಡೆ ಕಟ್ಟಿರೋ ಲಾಕ್‌ಗಳು, ಅಂದ್ರೆ ಬಾಗಿಲಿರೋ ತೊಟ್ಟಿಗಳು, ಇಂಗ್ಲೆಂಡಿನ ಮಧ್ಯಭಾಗದ ಮಿಡ್‌ಲ್ಯಾಂಡ್ಸ್ ಕಡೆ ಸುಮಾರು 7 ಅಡಿ ಅಗಲ ಅಷ್ಟೇ, ಅದಕ್ಕೇ ನ್ಯಾರೋಬೋಟ್ ಅಗಲ 6 ಅಡಿ 10 ಇಂಚು. ಒಳಗೆ ನಿಂತು ಎರಡೂ ಕೈ ಚಾಚಿದ್ರೆ ಎರಡೂ ಗೋಡೆ ಸಿಗುತ್ತೆ. ಅಗಲ ಸಾಲಲ್ಲ ಅಂತ ವೈಡ್‌ಬೀಮ್ ತಗೊಳ್ಳೋರು ತುಂಬಾ ಜನ ಇದ್ದಾರೆ, ಅದ್ರಲ್ಲಿ ನಿಜವಾದ ಹಾಲ್ ಥರ ಜಾಗ ಸಿಗುತ್ತೆ, ಆದ್ರೆ ದೇಶದ ಮಧ್ಯದ ಕಿರಿದಾದ ಲಾಕ್‌ಗಳಲ್ಲಿ ಅದು ತೂರಲ್ಲ, ದಕ್ಷಿಣದಲ್ಲಿದ್ರೆ ದಕ್ಷಿಣದಲ್ಲೇ ಇರ್ಬೇಕು. ಉದ್ದ 72 ಅಡಿವರೆಗೂ ಸಿಗುತ್ತೆ, ಆದ್ರೆ 57 ಅಡಿ ಇದ್ರೆ ಹೆಚ್ಚೂ ಕಮ್ಮಿ ಎಲ್ಲಾ ಕಾಲುವೆಗೂ ಹೋಗುತ್ತೆ ಅಂತ ಹಳಬರು ಹೇಳ್ತಾರೆ, ನಾವೂ ಅದನ್ನೇ ತಗೊಂಡ್ವಿ. ಜಾಗ ಕಮ್ಮಿ ಅನ್ಸಿದಾಗೆಲ್ಲ ನಾನು ನೆನೆಸ್ಕೊಳ್ಳೋದು ಹಿಂದೆ ಸರಕು ಸಾಗಿಸ್ತಿದ್ದ ಕುಟುಂಬಗಳನ್ನ. ದೋಣಿ ಪೂರ್ತಿ ಸರಕಿಗೆ ಬಿಟ್ಟು ಹಿಂಭಾಗದ ಎಂಟ್ಹತ್ತು ಅಡಿ ಕೋಣೇಲಿ ಗಂಡ ಹೆಂಡ್ತಿ ಮಕ್ಕಳು ಎಲ್ಲಾ ಇರ್ತಿದ್ರು, ಮಡಚೋ ಹಾಸಿಗೆ, ಮಡಚೋ ಮೇಜು, ಒಂದು ಸಣ್ಣ ಒಲೆ. ಅವರ ಕೋಣೇಲಿದ್ದ ಎಷ್ಟೋ ಉಪಾಯಗಳು ಇವತ್ತೂ ನಮ್ಮ ಬೋಟಲ್ಲಿವೆ.

ಬೋಟ್ ಇಷ್ಟ ಆಯ್ತಾ, ಒಳಗಿನ ಪೇಂಟು ಮರದ ಕೆಲ್ಸ ನೋಡಿ ಅಡ್ವಾನ್ಸ್ ಕೊಡ್ಬೇಡಿ. ಸರ್ವೇಯರ್ ಒಬ್ಬರನ್ನ ನೀವೇ ಹುಡುಕಿ, ಮಾರೋರು ತೋರಿಸಿದವರು ಬೇಡ. ಬೋಟನ್ನ ನೀರಿಂದ ಮೇಲೆತ್ತಿಸಿ ತಳದ ಉಕ್ಕು ಎಷ್ಟು ದಪ್ಪ ಉಳ್ಕೊಂಡಿದೆ ಅಂತ ಅಲ್ಟ್ರಾಸೌಂಡ್ ಮೀಟರಲ್ಲಿ ಅಳೆಸ್ಬೇಕು. ಸಾಮಾನ್ಯವಾಗಿ ಹೊಸ ಬೋಟಲ್ಲಿ ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕ್ಯಾಬಿನ್ 4 ಇರುತ್ತೆ. ತುಕ್ಕು ತಿಂದು ತಿಂದು ತಳ, ಪಕ್ಕ 4ಕ್ಕಿಂತ ಕೆಳಗೆ ಹೋಗಿದ್ರೆ ಇನ್ಶೂರೆನ್ಸ್ ಕೊಡೋರು ಹಿಂದೆ ಮುಂದೆ ನೋಡ್ತಾರೆ, ಆಮೇಲೆ ಮೇಲೊಂದು ಪ್ಲೇಟ್ ಬೆಸುಗೆ ಹಾಕಿಸೋ ಖರ್ಚು ನಿಮ್ಮ ತಲೆ ಮೇಲೆ. ನಾವು ಮೊದಲು ಇಷ್ಟಪಟ್ಟ ಬೋಟ್ ಒಳಗೆ ಅರಮನೆ ಥರ ಇತ್ತು, ಮೇಲೆತ್ತಿ ಅಳೆದ್ರೆ ಒಂದು ಕಡೆ 3.6 ಬಂತು, ಬಿಟ್ಟು ಬಂದ್ವಿ. ಸರ್ವೇಗೆ ಕೊಟ್ಟ ದುಡ್ಡು ಹೋಯ್ತು ಅಂತ ಇಬ್ಬರಿಗೂ ಒಂದು ದಿನಾನೂ ಅನ್ನಿಸಿಲ್ಲ. ತಗೊಂಡ ಮೇಲೂ ಎರಡು ಮೂರು ವರ್ಷಕ್ಕೊಮ್ಮೆ ಮೇಲೆತ್ತಿಸಿ ತಳಕ್ಕೆ ಕಪ್ಪು ಬಿಟುಮೆನ್ ಬಳಿಸೋದು ತಪ್ಪದೇ ಮಾಡ್ಬೇಕು. ಮತ್ತೆ, ಮನೆಗೆ ಸಿಗೋ ಹೋಮ್ ಲೋನ್ ಇದಕ್ಕೆ ಸಿಗಲ್ಲ, ಬೋಟಿಗೆ ಅಂತಾನೇ ಬೇರೆ ಸಾಲ ಇದೆ, ಬಡ್ಡಿ ಜಾಸ್ತಿ, ಕೈಲಿರೋ ದುಡ್ಡಲ್ಲಿ ತಗೊಂಡ್ರೆ ನೆಮ್ಮದಿ.

ಲೈಸೆನ್ಸ್ ವಿಷಯ ಜನ ಹಗುರವಾಗಿ ತಗೋತಾರೆ, ತಗೋಬೇಡಿ. ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2000 ಮೈಲಿ ಕಾಲುವೆ ನದಿಗಳು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಕೈಲಿವೆ, ಅದಕ್ಕೂ ಮುಂಚೆ ಬ್ರಿಟಿಷ್ ವಾಟರ್‌ವೇಸ್ ಕೈಲಿದ್ವು. ಲೈಸೆನ್ಸ್ ಬೇಕಾದ್ರೆ ಇನ್ಶೂರೆನ್ಸ್ ಇರ್ಬೇಕು, ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ಸರ್ಟಿಫಿಕೇಟ್ ಆಗ್ಬೇಕು, ಅದರ ಜೊತೆಗೆ ಒಂದೋ ಬೋಟ್ ಕಟ್ಟೋಕೆ ಖಾಯಂ ಜಾಗ ಇರ್ಬೇಕು, ಇಲ್ಲಾಂದ್ರೆ ಓಡಾಡ್ತಾನೇ ಇರ್ತೀನಿ ಅಂತ ಒಪ್ಕೋಬೇಕು. ಈ ಎರಡನೇದನ್ನೇ ಕಂಟಿನ್ಯುಯಸ್ ಕ್ರೂಸಿಂಗ್ ಅಂತಾರೆ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಪ್ರಕಾರ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲೋ ಹಾಗಿಲ್ಲ, ಹುಷಾರಿಲ್ಲ, ಇಂಜಿನ್ ಕೆಟ್ಟಿದೆ ಅನ್ನೋ ಥರ ನ್ಯಾಯವಾದ ಕಾರಣ ಇದ್ರೆ ಕೇಳ್ಕೊಂಡು ಇರಬಹುದು. ಕೆಲವು ಜಾಗದಲ್ಲಿ 7 ದಿನ, ಇನ್ನೂ ಕೆಲವು ಕಡೆ ಅದಕ್ಕೂ ಕಮ್ಮಿ, ಬೋರ್ಡ್ ಓದಿ. ಎರಡು ಸೇತುವೆ ಮಧ್ಯೆ ಹಿಂದಕ್ಕೂ ಮುಂದಕ್ಕೂ ಓಡಾಡ್ಕೊಂಡು ವರ್ಷ ತಳ್ಳೋಕೆ ಆಗಲ್ಲ, ಟ್ರಸ್ಟಿನವರು ನಂಬರ್ ಬರ್ಕೊಂಡು ಹೋಗ್ತಾರೆ, ಪ್ರಯಾಣ ಸಾಲ್ದು ಅನ್ಸಿದ್ರೆ ಲೈಸೆನ್ಸ್ ಅವಧಿ ಕಡಿಮೆ ಮಾಡಿ ಕೊಡ್ತಾರೆ, ಆಮೇಲೆ ಕೊಡೋದೇ ಇಲ್ಲ. 2024ರಿಂದ ಹೀಗೆ ಓಡಾಡೋರಿಗೆ ಲೈಸೆನ್ಸ್ ಮೇಲೆ ಹೆಚ್ಚುವರಿ ಫೀಸೂ ಬಂದಿದೆ. ಥೇಮ್ಸ್ ನದಿಗೆ ಹೋಗ್ಬೇಕಂದ್ರೆ ಅದು ಬೇರೆ ಇಲಾಖೆ, ಬೇರೆ ಲೈಸೆನ್ಸ್. ಶಾಲೆಗೆ ಹೋಗೋ ಮಕ್ಕಳಿದ್ರೆ ದಯವಿಟ್ಟು ಖಾಯಂ ಜಾಗವನ್ನೇ ನೋಡಿ, ಅದೂ ರೆಸಿಡೆನ್ಷಿಯಲ್ ಮೂರಿಂಗ್ ಅಂತ ಕಾಗದದಲ್ಲಿ ಇದ್ಯಾ ಖಚಿತ ಮಾಡ್ಕೊಳ್ಳಿ, ಲೀಷರ್ ಮೂರಿಂಗ್ ಅಂತಿದ್ರೆ ಅಲ್ಲಿ ಬೋಟ್ ನಿಲ್ಲಿಸಬಹುದು, ವಾಸ ಮಾಡೋ ಹಾಗಿಲ್ಲ.

ನೀರು. ನಮ್ಮ ಟ್ಯಾಂಕ್ 400 ಲೀಟರ್, ಇಬ್ಬರಿಗೆ ಹತ್ತು ದಿನ ಬರುತ್ತೆ, ಅಮ್ಮ ಬಂದಾಗ ಐದೇ ದಿನಕ್ಕೆ ಖಾಲಿ ಆಗ್ತಿತ್ತು. ಕಾಲುವೆ ಪಕ್ಕ ಅಲ್ಲಲ್ಲಿ ನೀರಿನ ನಲ್ಲಿ ಇರುತ್ತೆ, ಟ್ರಸ್ಟಿನ ಒಂದೇ ಕೀ ಎಲ್ಲಾ ಕಡೆ ಆಗುತ್ತೆ, ಆ ಕೀ ಎರಡು ಇಟ್ಕೊಳ್ಳಿ, ಒಂದು ನೀರಿಗೆ ಬಿದ್ದೇ ಬೀಳುತ್ತೆ, ತೇಲೋ ಕಾರ್ಕ್ ಕಟ್ಟಿಡಿ. ಸಿಂಕಿನ ನೀರು, ಸ್ನಾನದ ನೀರು ನೇರ ಕಾಲುವೆಗೇ ಹೋಗೋದ್ರಿಂದ ಕರಿದ ಎಣ್ಣೆ, ಸಾರಿನ ಗಸಿ ಸಿಂಕಿಗೆ ಸುರೀಬೇಡಿ, ಪೇಪರಲ್ಲಿ ಒರೆಸಿ ಕಸಕ್ಕೆ ಹಾಕಿ. ಬೆಳಿಗ್ಗೆ ನೀರ ಮೇಲೆ ಎಣ್ಣೆ ಹರಡಿ ಬಾತುಕೋಳಿ ಅದ್ರಲ್ಲೇ ಈಜೋದು ನೋಡಿದ್ರೆ ಹೊಟ್ಟೆ ಕಿವುಚುತ್ತೆ.

ಕಕ್ಕಸಿನ ಬಗ್ಗೆ ನಾಚ್ಕೊಳ್ಳದೇ ಮಾತಾಡ್ಬೇಕು, ಬೋಟಿನವರು ಇಬ್ಬರು ಸೇರಿದ್ರೆ ಮೊದಲು ಮಾತಾಡೋದೇ ಅದನ್ನ. ಮೂರು ಥರ ಇದೆ. ದೊಡ್ಡ ಟ್ಯಾಂಕಿಗೆ ಹೋಗಿ ಆಮೇಲೆ ಪಂಪ್ ಹಾಕಿ ಎಳೆಸೋದು ಒಂದು, ಸೂಟ್‌ಕೇಸ್ ಥರ ಹೊರಗೆಳೆದು ಎಲ್ಸಾನ್ ಪಾಯಿಂಟಲ್ಲಿ, ಅಂದ್ರೆ ಕಕ್ಕಸು ಸುರಿಯೋಕೆ ಅಂತಾನೇ ಇರೋ ಜಾಗದಲ್ಲಿ, ನಾವೇ ಖಾಲಿ ಮಾಡೋ ಕ್ಯಾಸೆಟ್ ಒಂದು, ಗಟ್ಟಿ ಬೇರೆ ನೀರು ಬೇರೆ ಮಾಡಿ ಗೊಬ್ಬರ ಮಾಡೋದು ಇನ್ನೊಂದು. ನಾವು ಕ್ಯಾಸೆಟ್ ಇಟ್ಕೊಂಡಿದ್ದೀವಿ, ಎರಡು ಕ್ಯಾಸೆಟ್, ಒಂದು ತುಂಬಿದ್ರೆ ಇನ್ನೊಂದು. ನಮ್ಮವರಿಗೆ ಒಂದು ಮಾತು, ನಾವು ನೀರಲ್ಲಿ ತೊಳ್ಕೊಳ್ಳೋರು, ಅದಕ್ಕೇ ಬೇರೆಯವರಿಗೆ ಮೂರು ದಿನ ಬರೋ ಕ್ಯಾಸೆಟ್ ನಮಗೆ ಎರಡೇ ದಿನ. ಚೆಂಬಿನ ಬದಲು ಸಣ್ಣ ಸ್ಪ್ರೇ ಬಾಟಲ್ ಇಟ್ಕೊಂಡ್ವಿ, ಸರಿಹೋಯ್ತು.

ಕರೆಂಟು ಬ್ಯಾಟರಿಯಿಂದ. 110 ಆಂಪಿಯರ್ ಅವರ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ ಇದ್ರೆ 440 ಅಂತ ಖುಷಿಪಡ್ಬೇಡಿ, ಅರ್ಧಕ್ಕಿಂತ ಕೆಳಗಿಳಿಸಿದ್ರೆ ಬೇಗ ಸಾಯ್ತವೆ, ಕೈಗೆ ಸಿಗೋದು 220 ಅಷ್ಟೇ. ಕೊನೆಯ ಇಪ್ಪತ್ತು ಪರ್ಸೆಂಟ್ ಚಾರ್ಜ್ ಆಗೋಕೆ ಗಂಟೆಗಟ್ಟಲೆ ಹಿಡಿಯುತ್ತೆ, ದಿನಕ್ಕೆ ಒಂದು ಗಂಟೆ ಇಂಜಿನ್ ಓಡಿಸಿ ಸಾಕು ಅಂದ್ಕೊಂಡೋರ ಬ್ಯಾಟರಿ ವರ್ಷಕ್ಕೇ ಹೋಗುತ್ತೆ, ನಮ್ಮ ಮೊದಲ ಸೆಟ್ ಹಾಗೇ ಹೋಯ್ತು. ಈಗ ಲಿಥಿಯಂ ಹಾಕಿದ್ದೀವಿ, ದುಬಾರಿ, ಆದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಸೋಲಾರ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ನಡೆಸುತ್ತೆ, ಡಿಸೆಂಬರಲ್ಲಿ ಅದನ್ನ ಲೆಕ್ಕಕ್ಕೇ ಇಡ್ಬೇಡಿ. ಕರೆಂಟಿಗೋಸ್ಕರ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಇಂಜಿನ್ ಓಡಿಸೋ ಹಾಗಿಲ್ಲ, ಪಕ್ಕದ ಬೋಟಲ್ಲಿ ಮಗು ಮಲಗಿರುತ್ತೆ. ಎಲೆಕ್ಟ್ರಿಕ್ ಕೆಟಲ್, ಹೇರ್ ಡ್ರೈಯರ್ ಮರೆತುಬಿಡಿ. ಮಿಕ್ಸಿ ನಡೆಯುತ್ತೆ, 750 ವ್ಯಾಟಿನ ಮಿಕ್ಸಿ ಐದು ನಿಮಿಷ ತಿರುಗಿದ್ರೆ ಆರೇಳು ಆಂಪಿಯರ್ ಅವರ್ ಹೋಗುತ್ತೆ ಅಷ್ಟೇ, ಆದ್ರೆ ಶುರು ಆಗೋ ಕ್ಷಣದಲ್ಲಿ ಜೋರಾಗಿ ಎಳೆಯೋದ್ರಿಂದ ಇನ್ವರ್ಟರ್ ದೊಡ್ಡದಿರ್ಲಿ, ಪ್ಯೂರ್ ಸೈನ್ ವೇವ್ ಇರ್ಲಿ. ನಾವು ದೋಸೆಗೆ ರುಬ್ಬೋದು ಬೋಟ್ ಓಡಿಸೋ ದಿನ, ಇಂಜಿನ್ ಚಾರ್ಜ್ ಮಾಡ್ತಾ ಇರುತ್ತೆ, ಚಿಂತೆ ಇಲ್ಲ. ಹಿಟ್ಟಿನ ಪಾತ್ರೆ ರಾತ್ರಿ ಒಲೆಯಿಂದ ಎರಡಡಿ ದೂರ ಇಟ್ರೆ ಜನವರಿಲೂ ಬೆಂಗಳೂರಲ್ಲಿ ಉಬ್ಬೋ ಹಾಗೇ ಉಬ್ಬುತ್ತೆ.

ಒಲೆ ಮತ್ತೆ ಗ್ಯಾಸ್ ಬಗ್ಗೆ ಮಾತ್ರ ನಿಧಾನವಾಗಿ ಓದಿ, ಬೇರೆ ತಪ್ಪಿಗೆ ದುಡ್ಡು ಹೋಗುತ್ತೆ, ಇಲ್ಲಿ ಜೀವ ಹೋಗುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ. ಮನೇಲಿ ಲೀಕ್ ಆದ್ರೆ ಬಾಗಿಲ ಕೆಳಗಿಂದ ಆದ್ರೂ ಹೋಗುತ್ತೆ, ಬೋಟಿನ ತಳ ಅಂದ್ರೆ ಮುಚ್ಚಿದ ಬಾಣಲೆ ಇದ್ದ ಹಾಗೆ, ಸೋರಿದ ಗ್ಯಾಸ್ ಅಲ್ಲೇ ಕೆಳಗೆ ಕೂತಿರುತ್ತೆ, ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರ್ ಇಡೋ ಪೆಟ್ಟಿಗೆ ಹೊರಗಿರುತ್ತೆ, ಅದರ ತಳದಲ್ಲಿ ಗ್ಯಾಸ್ ಹೊರಗೆ ಹೋಗೋಕೆ ತೂತು ಇರುತ್ತೆ, ಆ ತೂತಿಗೆ ಎಲೆ ಕಸ ಕಟ್ಕೊಳ್ಳದ ಹಾಗೆ ನೋಡ್ಕೊಳ್ಳಿ. ಬ್ಯೂಟೇನ್ ತಗೋಬೇಡಿ, ಸೊನ್ನೆ ಡಿಗ್ರಿ ಹತ್ರ ಬಂದ್ರೆ ಒಲೆಗೇ ಬರಲ್ಲ, ಪ್ರೊಪೇನ್ ತಗೊಳ್ಳಿ, 13 ಕೆಜಿ ಸಿಲಿಂಡರ್ ಎರಡಿದ್ರೆ ಸಾಕು. ಫ್ಯೂಯಲ್ ಬೋಟ್ ಅಂತ ಇರುತ್ತೆ, ಕಾಲುವೆ ಮೇಲೇ ಬಂದು ಗ್ಯಾಸು, ಡೀಸೆಲ್ಲು, ಕಲ್ಲಿದ್ದಲು ಮನೆ ಬಾಗಿಲಿಗೇ ಮಾರ್ತಾರೆ, ಅವರ ನಂಬರ್ ಮೊದಲು ಸೇವ್ ಮಾಡ್ಕೊಳ್ಳಿ.

ಬೆಚ್ಚಗಿರೋಕೆ ಕಬ್ಬಿಣದ ಒಲೆ, ಅದಕ್ಕೆ ಹೊಗೆ ಬರದ ಕಲ್ಲಿದ್ದಲು. ನಮ್ಮಲ್ಲಿ ಸೌದೆ ಒಲೆ ಹೊತ್ತಿಸಿ ಗೊತ್ತಿರೋರಿಗೂ ಇದು ಹೊಸದು. ಮೊದಲು ಒಣ ಪುಳ್ಳೆ ಜೋಡಿಸಿ ಹೊತ್ತಿಸಿ, ಅದು ಚೆನ್ನಾಗಿ ಉರಿಯೋವಾಗ ನಾಲ್ಕೈದು ತುಂಡು ಕಲ್ಲಿದ್ದಲು ಇಟ್ಟು, ಕೆಳಗಿನ ಗಾಳಿಕಿಂಡಿ ಪೂರ್ತಿ ತೆಗ್ದು, ತುಂಡುಗಳ ಅಂಚು ಕೆಂಪಾದ ಮೇಲೆ ಇನ್ನಷ್ಟು ಹಾಕಿ ಗಾಳಿ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡ್ಬೇಕು. ಒಲೆ ಬಾಗಿಲ ಸುತ್ತ ಇರೋ ಹಗ್ಗದಂಥ ಸೀಲ್ ಸವೆದಿದ್ರೆ ಆ ವಾರವೇ ಬದಲಾಯಿಸಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜನ ನಿದ್ದೇಲೇ ಹೋಗಿದ್ದಾರೆ. 2019ರ ಏಪ್ರಿಲ್‌ನಿಂದ ಇದರ ಅಲಾರಂ ಬೋಟಲ್ಲಿ ಇರಲೇಬೇಕು ಅಂತ ನಿಯಮ ಇದೆ, ನಿಯಮಕ್ಕೆ ಒಂದಾದ್ರೆ ನಾವು ಮಲಗೋ ಕಡೆ ಇನ್ನೊಂದು ಹಾಕಿದ್ದೀವಿ. ಚಳಿ ಬರುತ್ತೆ ಅಂತ ಗೋಡೆ, ಚಾವಣಿಯ ಗಾಳಿಕಿಂಡಿಗೆ ಬಟ್ಟೆ ತುರುಕೋದು ಎಲ್ಲರೂ ಮಾಡೋ ತಪ್ಪು, ಮಾಡ್ಲೇಬೇಡಿ. ಬಿಸಿ ಬೂದಿನೂ ಆ ಗ್ಯಾಸ್ ಬಿಡುತ್ತೆ, ಮುಚ್ಚಳ ಇರೋ ಡಬ್ಬಿಗೆ ತುಂಬಿ ಹೊರಗಿಡಿ. ಎಲ್ಲರಿಗೂ ಒಟ್ಟಿಗೇ ತಲೆನೋವು, ವಾಕರಿಕೆ ಬಂದು ಹೊರಗೆ ಹೋದ್ರೆ ಸರಿಹೋಗ್ತಿದ್ರೆ ಜ್ವರ ಅಂತ ಮಾತ್ರೆ ನುಂಗಬೇಡಿ, ಎಲ್ಲರೂ ಹೊರಗೆ ಬನ್ನಿ.

ಇನ್ನು ಕುಕ್ಕರ್. ಮೂರು ವಿಷಲ್ ಕೂಗಿದ್ರೆ ಆ ಹಬೆಯೆಲ್ಲಾ ಕಿಟಕಿ ಮೇಲೆ ನೀರಾಗಿ ಇಳಿಯುತ್ತೆ, ಹಾಸಿಗೆ ಹಿಂದೆ ಬೂಷ್ಟು ಹಿಡಿಯುತ್ತೆ. ಅಡುಗೆ ಮಾಡೋವಾಗ ಎಷ್ಟೇ ಚಳಿ ಇದ್ರೂ ಪಕ್ಕದ ಕಿಂಡಿ ತೆಗೀಬೇಕು, ಹಾಸಿಗೆ ಕೆಳಗೆ ಗಾಳಿ ಆಡೋ ಹಾಗೆ ಹಲಗೆ ಬಿಡಿಬಿಡಿಯಾಗಿರ್ಬೇಕು.

ಬೋಟ್ ಓಡಿಸೋದು ಕಷ್ಟ ಅಲ್ಲ, ವೇಗದ ಮಿತಿ ಗಂಟೆಗೆ 4 ಮೈಲಿ, ನಡ್ಕೊಂಡು ಹೋಗೋರು ನಮ್ಮನ್ನ ದಾಟ್ಕೊಂಡು ಹೋಗ್ತಾರೆ. ಚುಕ್ಕಾಣಿ ಯಾವ ಕಡೆ ತಳ್ತೀರೋ ಮೂತಿ ಅದರ ವಿರುದ್ಧ ಕಡೆ ತಿರುಗುತ್ತೆ, ಅರ್ಧ ದಿನದಲ್ಲಿ ಕೈಗೆ ಬರುತ್ತೆ. ಕಟ್ಟಿರೋ ಬೋಟುಗಳ ಪಕ್ಕ ಹೋಗೋವಾಗ ಇಂಜಿನ್ ಪೂರ್ತಿ ನಿಧಾನ ಮಾಡಿ, ಇಲ್ಲಾಂದ್ರೆ ಅವರ ಗೂಟ ಕಿತ್ಕೊಂಡು ಬರುತ್ತೆ.

ಜಾಗ್ರತೆ ಬೇಕಾಗಿರೋದು ಲಾಕಲ್ಲಿ. ಲಂಡನ್ನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗೋ ಗ್ರ್ಯಾಂಡ್ ಯೂನಿಯನ್ ಕಾಲುವೆ 137 ಮೈಲಿ, ಅದ್ರಲ್ಲಿ 166 ಲಾಕ್ ಇವೆ, ಎಲ್ಲಾ ನಾವೇ ತೆಗ್ದು ನಾವೇ ಮುಚ್ಬೇಕು. ಲಾಕ್ ಅಂದ್ರೆ ಎರಡು ಕಡೆ ಬಾಗಿಲಿರೋ ತೊಟ್ಟಿ, ಬಾಗಿಲಲ್ಲಿರೋ ಪ್ಯಾಡಲ್ ಅಂದ್ರೆ ನಮ್ಮೂರ ಕೆರೆ ತೂಬು ಇದ್ದ ಹಾಗೆ, ವಿಂಡ್‌ಲಾಸ್ ಅನ್ನೋ ಕಬ್ಬಿಣದ ಹಿಡಿ ಹಾಕಿ ತಿರುಗಿಸಿದ್ರೆ ಮೇಲೇಳುತ್ತೆ, ನೀರು ನುಗ್ಗುತ್ತೆ. ಕೆಳಗಿಳಿಯೋವಾಗ ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಒಂದು ಕಲ್ಲಿನ ಕಟ್ಟೆ ಇರುತ್ತೆ, ಸಿಲ್ ಅಂತಾರೆ, ನೀರು ತುಂಬಿದಾಗ ಕಾಣಲ್ಲ. ಬೋಟಿನ ಹಿಂಭಾಗ ಅದರ ಮೇಲಿದ್ರೆ ನೀರು ಇಳಿದ ಹಾಗೆ ಬಾಲ ಅಲ್ಲೇ ಕೂತು ಮೂತಿ ಕೆಳಗೆ ಹೋಗುತ್ತೆ, ಬೋಟು ಮುಳುಗುತ್ತೆ. ಅದು ಎಲ್ಲಿವರೆಗೆ ಇದೆ ಅಂತ ಲಾಕಿನ ಅಂಚಿನಲ್ಲಿ ಬಿಳಿ ಗೆರೆ ಎಳೆದಿರ್ತಾರೆ.

ನಮ್ಮ ಎರಡನೇ ತಿಂಗಳು, ಮಳೆ ಹನೀತಿತ್ತು, ನಾನು ಚುಕ್ಕಾಣಿ ಹತ್ರ ನಿಂತು ಮುಂದಿನ ಬಾಗಿಲನ್ನೇ ನೋಡ್ತಿದ್ದೆ, ಬೋಟು ಮೆಲ್ಲಗೆ ಹಿಂದಕ್ಕೆ ಜಾರಿದ್ದು ಗೊತ್ತೇ ಆಗ್ಲಿಲ್ಲ. ಕೆಳಗಿಂದ ಕರ್ರ್ ಅಂತ ಶಬ್ದ ಬಂತು, ಒಳಗೆ ಒಲೆ ಮೇಲಿದ್ದ ಚಹಾ ಪಾತ್ರೆ ಜಾರಿ ಬಿತ್ತು, ಮೇಲಿಂದ ಹೆಂಡ್ತಿ "ರೀ, ಗೆರೆ! ಗೆರೆ ನೋಡ್ರೀ!" ಅಂತ ಕೂಗಿದ್ಲು. ಕೂಗ್ತಾನೇ ಕೆಳಗಿನ ಪ್ಯಾಡಲ್‌ಗಳನ್ನ ಇಳಿಸಿದ್ಲು, ಓಡಿ ಹೋಗಿ ಮೇಲಿನ ಪ್ಯಾಡಲ್ ಒಂದನ್ನ ನಿಧಾನಕ್ಕೆ ಎತ್ತಿದ್ಲು, ನೀರು ವಾಪಸ್ ಏರಿ ಬೋಟು ತಾನಾಗೇ ಬಿಡಿಸ್ಕೊಂಡು ತೇಲ್ತು. ಹಾಗೇ ಮಾಡ್ಬೇಕು, ಅದೇ ಕ್ರಮ, ಮೊದಲು ಕೆಳಗಿಂದು ಮುಚ್ಚಿ, ಆಮೇಲೆ ಮೇಲಿಂದು ತೆಗೀರಿ. ಅವತ್ತಿಂದ ಪ್ಯಾಡಲ್ ಹತ್ರ ಇರೋರಿಗೆ ಚುಕ್ಕಾಣಿ ಹಿಡಿದವರು ಕಾಣ್ತಿರ್ಬೇಕು, ಗೆರೆ ಮುಂದೆ ಇದ್ದೀನಿ ಅಂತ ಕೈ ಎತ್ತಿ ತೋರಿಸಿದ ಮೇಲೇ ನೀರು ಬಿಡ್ಬೇಕು. ಹಗ್ಗ ಲಾಕಲ್ಲಿ ಗಂಟು ಹಾಕ್ಬೇಡಿ, ಒಂದು ಸುತ್ತು ಸುತ್ತಿ ಕೈಲಿ ಹಿಡ್ಕೊಳ್ಳಿ, ಗಂಟು ಹಾಕಿದ್ರೆ ನೀರಿಳಿದಾಗ ಬೋಟು ನೇತಾಡುತ್ತೆ. ವಿಂಡ್‌ಲಾಸ್ ಹಾಗೇ ಸಿಕ್ಕಿಸಿ ಬಿಟ್ಟು ಹೋಗ್ಬೇಡಿ, ಪ್ಯಾಡಲ್ ಜಾರಿದ್ರೆ ಅದು ತಿರುಗಿ ಹಾರಿ ಮುಖಕ್ಕೆ ಬಡಿಯುತ್ತೆ.

ಬೋಟು ಇದ್ದಕ್ಕಿದ್ದ ಹಾಗೆ ನಡುಗೋಕೆ ಶುರು ಆಗಿ ಮುಂದೆ ಹೋಗ್ತಿಲ್ಲ ಅಂದ್ರೆ ಪ್ರೊಪೆಲ್ಲರ್‌ಗೆ ಏನೋ ಸುತ್ಕೊಂಡಿದೆ ಅಂತ. ದಡಕ್ಕೆ ಕಟ್ಟಿ, ಇಂಜಿನ್ ಆಫ್ ಮಾಡಿ, ಕೀ ಜೇಬಲ್ಲಿ ಹಾಕ್ಕೊಳ್ಳಿ, ಆಮೇಲೆ ಹಿಂಭಾಗದಲ್ಲಿ ಪ್ರೊಪೆಲ್ಲರ್ ಮೇಲಿರೋ ಮುಚ್ಚಳ, ವೀಡ್ ಹ್ಯಾಚ್ ಅಂತಾರೆ, ಅದನ್ನ ತೆಗ್ದು ಕೈ ಇಳಿಸ್ಬೇಕು. ಒಂದು ಸಲ ನಾನು ಐವತ್ತು ನಿಮಿಷ ಕೂತು ಒಂದು ಇಡೀ ಪರದೆ ಬಟ್ಟೆನ ಬ್ರೆಡ್ ಕತ್ತರಿಸೋ ಚಾಕುಲಿ ಕುಯ್ದು ತೆಗ್ದೆ, ಬೆರಳು ಮರಗಟ್ಟಿ ಗಾಯ ಆಗಿದ್ದು ಆಮೇಲೆ ಗೊತ್ತಾಯ್ತು, ಕೈಗವಸು ಇಟ್ಕೊಳ್ಳಿ. ಮುಚ್ಚಳ ವಾಪಸ್ ಬಿಗಿಯಾಗಿ ಕೂರಿಸಿದ್ರಾ ಎರಡು ಸಲ ನೋಡಿ, ಸಡಿಲ ಇದ್ರೆ ಇಂಜಿನ್ ಹಾಕಿದ ತಕ್ಷಣ ಅದೇ ತೂತಿಂದ ನೀರು ಒಳಗೆ ನುಗ್ಗುತ್ತೆ. ದಿನದ ಕೊನೆಗೆ ಇಂಜಿನ್ ನಿಲ್ಲಿಸಿದ ಮೇಲೆ ಪ್ರೊಪೆಲ್ಲರ್ ದಂಡ ಹೊರಗೆ ಹೋಗೋ ಕಡೆಯಿಂದ ನೀರು ಬರದ ಹಾಗೆ ಗ್ರೀಸ್ ತುಂಬೋ ಸ್ಟರ್ನ್ ಗ್ಲಾಂಡ್ ಗ್ರೀಸರನ್ನ ಬಿಗಿಯಾಗೋವರೆಗೂ ಒಂದೆರಡು ಸುತ್ತು ತಿರುಗಿಸೋದು ಹಲ್ಲುಜ್ಜಿದ ಹಾಗೆ ಅಭ್ಯಾಸ ಆಗ್ಬೇಕು.

ವಿಳಾಸ ಇಲ್ದಿದ್ರೆ ಹೇಗೆ ಅಂತ ಎಲ್ಲರೂ ಹೆದರ್ತಾರೆ. ಡಾಕ್ಟರ್ ಹತ್ರ ಹೆಸರು ಬರೆಸೋಕೆ ಖಾಯಂ ವಿಳಾಸ ಬೇಕೇ ಬೇಕು ಅಂತಿಲ್ಲ, ಕೌಂಟರಲ್ಲಿ ಆಗಲ್ಲ ಅಂದ್ರೂ ಸಮಾಧಾನವಾಗಿ ಕೇಳಿ. ಭಾರತದ ಪಾಸ್‌ಪೋರ್ಟ್ ಇರೋ ನಮಗೂ ಕಾಮನ್‌ವೆಲ್ತ್ ಪ್ರಜೆ ಅನ್ನೋ ಲೆಕ್ಕದಲ್ಲಿ ಇಲ್ಲಿ ವೋಟ್ ಇದೆ, ಒಂದೇ ಕಡೆ ಇರದವರು ಸ್ಥಳೀಯ ನಂಟಿದೆ ಅಂತ ಘೋಷಣೆ ಕೊಟ್ಟು ಹೆಸರು ಸೇರಿಸ್ಕೋಬಹುದು. ಬ್ಯಾಂಕು, ಕಾಗದ ಪತ್ರಕ್ಕೆ ನಂಬಿಕಸ್ತ ಸ್ನೇಹಿತರ ವಿಳಾಸ ಕೇಳಿಟ್ಕೊಳ್ಳಿ. ವೀಸಾ ಮೇಲಿರೋರು ಬೋಟ್ ತಗೊಳ್ಳೋ ಮುಂಚೆಯೇ ವಿಳಾಸದ ವಿಷಯ ಆಫೀಸಿನವರ ಹತ್ರ ಮಾತಾಡಿ ಸರಿಮಾಡ್ಕೊಳ್ಳಿ.

ಕೊನೇದಾಗಿ, ನಾವೆಲ್ಲಾ ಡಿಸೆಂಬರಲ್ಲಿ ಊರಿಗೆ ಹೋಗೋರು, ಅಷ್ಟು ದಿನ ಬೋಟನ್ನ ದಾರಿ ಪಕ್ಕ ಬಿಟ್ಟು ಹೋದ್ರೆ 14 ದಿನದ ನಿಯಮನೂ ಮುರಿಯುತ್ತೆ, ಮನಸ್ಸೂ ಅಲ್ಲೇ ಇರುತ್ತೆ. ಅಕ್ಟೋಬರಲ್ಲೇ ಒಂದು ಮರೀನಾದಲ್ಲಿ ಒಂದು ತಿಂಗಳಿಗೆ ಜಾಗ ಬುಕ್ ಮಾಡಿ. ನವೆಂಬರಿಂದ ಮಾರ್ಚ್‌ವರೆಗೆ ರಿಪೇರಿಗೆ ಅಂತ ಎಷ್ಟೋ ಲಾಕ್ ಮುಚ್ಚಿರ್ತಾರೆ, ಯಾವುದು ಯಾವಾಗ ಮುಚ್ಚುತ್ತೆ ನೋಡ್ಕೊಂಡು ಮೊದಲೇ ಅಲ್ಲಿಗೆ ಸೇರ್ಕೊಳ್ಳಿ, ನೀರು ಹೆಪ್ಪುಗಟ್ಟಿದ್ರೆ ಓಡಿಸೋಕೆ ಹೋಗ್ಬೇಡಿ, ಐಸ್ ತಳದ ಕಪ್ಪನ್ನೆಲ್ಲಾ ಕೆರೆದುಬಿಡುತ್ತೆ. ಹೊರಡೋ ದಿನ ಪಂಪ್ ಆಫ್ ಮಾಡಿ ನಲ್ಲಿಗಳನ್ನೆಲ್ಲಾ ತೆರೆದು ಪೈಪಲ್ಲಿರೋ ನೀರು ಖಾಲಿ ಮಾಡಿ, ಶವರ್ ಮರೀಬೇಡಿ, ಬಿಟ್ರೆ ಹೆಪ್ಪುಗಟ್ಟಿ ಒಡೆಯುತ್ತೆ. ಗ್ಯಾಸ್ ಸಿಲಿಂಡರಲ್ಲೇ ಬಂದ್ ಮಾಡಿ, ಬೂದಿ ಎಲ್ಲಾ ತೆಗೀರಿ, ಫ್ರಿಜ್ ಬಾಗಿಲು ತೆರೆದಿಡಿ, ತಳದ ನೀರೆತ್ತೋ ಪಂಪ್ ಮಾತ್ರ ಆಟೋಮ್ಯಾಟಿಕಲ್ಲೇ ಇರ್ಲಿ. ಹಗ್ಗ ತೀರಾ ಬಿಗಿ ಬೇಡ, ನೀರಿನ ಮಟ್ಟ ಒಂದು ಗೇಣು ಏರಿ ಇಳಿದ್ರೂ ತಡೆಯೋಷ್ಟು ಸಡಿಲ ಇರ್ಲಿ. ಒಂದು ಕೀ ಪಕ್ಕದ ಬೋಟಿನವರ ಕೈಗೆ ಕೊಟ್ಟು, ನಾಲ್ಕು ದಿನಕ್ಕೊಂದು ಸಲ ಇಂಜಿನ್ ಪಕ್ಕದ ಹಲಗೆ ಎತ್ತಿ ಕೆಳಗೆ ನೀರು ನಿಂತಿದ್ಯಾ ಟಾರ್ಚ್ ಬಿಟ್ಟು ನೋಡೋಕೆ ಹೇಳಿ, ಯಾವ ಹಲಗೆ ಅಂತ ಕರ್ಕೊಂಡು ಹೋಗಿ ತೋರಿಸಿ, ನಿಮ್ಮ ಊರಿನ ವಾಟ್ಸಾಪ್ ನಂಬರ್ ಅದೇ ಹಲಗೆ ಮೇಲೆ ಅಂಟಿಸಿ ಹೋಗಿ.